ಮಿತಿ ಇಲ್ಲದ ನಿಯಮ

ಬ್ರಾಹ್ಮಿ ಕಮಲಾಬಾಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ತಪ್ಪು ಶುರುವಾದದ್ದು ಅಲ್ಲಿಂದಲೇ.

ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಖಾಸಗಿ ಆಸ್ಪತ್ರೆ. ಬ್ರಾಹ್ಮಿ ಓದು ಮುಗಿಸಿ ಆಪ್ತಸಮಾಲೋಚಕಿ ಎಂದು ಅಲ್ಲಿ ಕೆಲಸಕ್ಕೆ ಸೇರಿದ್ದು ಆ ಬೇಸಿಗೆಯ ಕೊನೆಗೆ. ಅವಳ ಊರು ಕಾಗವಾಡ, ಮನೆತನ ಜೈನರದು. ಔಷಧದ ಪೆಟ್ಟಿಗೆಗಳನ್ನು ಇಡುತ್ತಿದ್ದ ಕೋಣೆಯಲ್ಲಿ ಅರ್ಧ ಖಾಲಿ ಮಾಡಿಸಿ ಅವಳಿಗೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಟ್ಟಿದ್ದರು. ಆಪ್ತಸಮಾಲೋಚಕಿ ಎಂಬ ಮಾತಿಗೆ ಜನರ ನಾಲಗೆ ಹೊರಳದು. "ಮಾತಿನ ಡಾಕ್ಟರು" ಎಂದು ಕರೆದರು. ಈಕೆ ಗುಳಿಗೆ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಮಾತಾಡಿಸಿ ಕಳಿಸಿಬಿಡುತ್ತಾಳೆ ಎಂದು ತಿಳಿದಾಗ ಕರೋಶಿಯ ಮುದುಕನೊಬ್ಬ ನಕ್ಕು, "ಮಾತಾಡಾಕ ನಮ್ಮ ಕಟ್ಟಿ ಮ್ಯಾಲ ಬೇಕಾದಷ್ಟ ಮಂದಿ ಅದಾರವ್ವಾ, ಅದೂ ಪುಕ್ಕಟೆ" ಎಂದು ಎದ್ದು ಹೋಗಿದ್ದ. ಬ್ರಾಹ್ಮಿಯ ಮನಸ್ಸಿಗೆ ಅದು ನಾಟಿತ್ತು. ನನ್ನ ಮಾತಿನಿಂದ ಯಾರಿಗಾದರೂ ಒಳ್ಳೆಯದಾಗಬೇಕು ಎಂದು ದಿನವೂ ಬೆಳಿಗ್ಗೆ ದೇವರಿಗೆ ಕೈ ಮುಗಿದು ಬರುತ್ತಿದ್ದಳು.

ಕಮಲಾಬಾಯಿಯನ್ನು ಸದಲಗಾದಿಂದ ಕರೆದುಕೊಂಡು ಬಂದವಳು ಅವಳ ಹಿರಿಯ ಸೊಸೆ ಮನೀಷಾ. ಹೊರಗೆ ಜಿಟಿಜಿಟಿ ಮಳೆ. ಸೊಸೆ ಒದ್ದೆ ಕೊಡೆಯನ್ನು ಬಾಗಿಲ ಹೊರಗೇ ಇಟ್ಟು ಒಳಗೆ ಬಂದು, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನಿಂತೇ ಹೇಳಿದಳು.

"ಅತ್ತಿ ನಿದ್ದಿ ಮಾಡಂಗಿಲ್ರಿ ಅಕ್ಕಾರ. ಉಣ್ಣೂದಂತೂ ಕೇಳಬ್ಯಾಡ್ರಿ. ನಮ್ಮ ನಿಖಿಲ ಹೋದಾಗಿಂದ ಹಿಂಗ."

ನಿಖಿಲ ಕಮಲಾಬಾಯಿಯ ಕಿರಿಯ ಮಗ. ಕಬ್ಬು ಕಡಿಯುವ ಕಾಲದಲ್ಲಿ, ನಿಪ್ಪಾಣಿಯ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಅವನ ಬೈಕು ಬಡಿದಿತ್ತು. ಮದುವೆಗೆ ಹೆಣ್ಣು ನೋಡುತ್ತಿದ್ದ ಹುಡುಗ.

ಕಮಲಾಬಾಯಿ ಸೊಸೆಯ ಮಾತಿಗೆ ಸಣ್ಣಗೆ ನಕ್ಕಳು. "ಈಕಿಗೇನ ಗೊತ್ತು? ಉಣ್ಣೂದ ಬಿಟ್ಟಿಲ್ಲ ತಂಗಿ. ರಸಾ ಬಿಟ್ಟೀನಿ."

ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು, ಇವು ಆರು ರಸ. ನಾಲಗೆಯ ಆಸೆ ಗೆಲ್ಲಬೇಕೆಂಬ ಜೈನರು ಇವುಗಳಲ್ಲಿ ಒಂದನ್ನೋ ಎರಡನ್ನೋ ಬಿಡುವುದುಂಟು. ಕಮಲಾಬಾಯಿ ಒಂದೊಂದಾಗಿ ಬಿಡುತ್ತ ಬಂದು ಈಗ ಉಪ್ಪಿಗೆ ತಲುಪಿದ್ದಳು. ದಿನಕ್ಕೆ ಒಂದೇ ಹೊತ್ತು, ಅಂಗೈಯಷ್ಟು ಸಪ್ಪೆ ಗಂಜಿ.

ಆ ಮಾತು ಕೇಳಿದ ಕೂಡಲೆ ಬ್ರಾಹ್ಮಿಯ ಕಣ್ಣ ಮುಂದೆ ತನ್ನ ಅಜ್ಜಿ ಬಂದಳು. ಅವಳ ಅಜ್ಜಿಯೂ ಚಾತುರ್ಮಾಸ ಬಂತೆಂದರೆ ತುಪ್ಪ ಬಿಡುತ್ತಿದ್ದಳು, ಸಿಹಿ ಬಿಡುತ್ತಿದ್ದಳು, ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಅಜ್ಜಿ ಸತ್ತಾಗ ಬ್ರಾಹ್ಮಿ ಧಾರವಾಡದಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಕೊನೆಯ ಮುಖ ನೋಡಿರಲಿಲ್ಲ. ಎದುರಿಗೆ ಕೂತವಳು ತನ್ನ ಬಳಿ ಸಹಾಯಕ್ಕೆ ಬಂದವಳು ಎಂಬುದನ್ನು ಮರೆತು ಎದ್ದು ಬಂದು ಬಗ್ಗಿ ಕಾಲು ಮುಟ್ಟಿದಳು. "ಪುಣ್ಯವಂತರ ಅದೀರಿ ಮಾವಶಿ" ಎಂದಳು.

ಕಾಲು ಮುಟ್ಟಿದ ಮೇಲೆ ಎದುರಿಗೆ ಕೂತು ಪ್ರಶ್ನೆ ಕೇಳುವುದು ಹೇಗೆ? ಮಗನನ್ನು ಕಳೆದುಕೊಂಡ ತಾಯಿಯನ್ನು ಏನು ಕೇಳಬೇಕೆಂದು ಅವಳಿಗೆ ಕಲಿಸಿದ್ದರು. ಸುತ್ತಿ ಬಳಸಿ ಅಲ್ಲ, ನೆಟ್ಟಗೆ: ಬದುಕು ಸಾಕು ಅನಿಸುತ್ತದೆಯೇ, ಸಾಯುವ ವಿಚಾರ ಬರುತ್ತದೆಯೇ ಎಂದು. ಆ ಪ್ರಶ್ನೆ ಅವಳ ಬಾಯಿಯ ತನಕ ಬಂತು. ವ್ರತ ಹಿಡಿದವಳನ್ನು ಅದನ್ನು ಕೇಳುವುದು ಬಸದಿಯೊಳಗೆ ಚಪ್ಪಲಿ ಮೆಟ್ಟಿ ನಡೆದಂತೆ ಎನಿಸಿತು. ನುಂಗಿಕೊಂಡಳು. ಕಮಲಾಬಾಯಿ ಸೆರಗು ಸರಿ ಮಾಡಿಕೊಳ್ಳಲು ಕೈ ಎತ್ತಿದಾಗ ಬಳೆಗಳು ಮಣಿಕಟ್ಟಿನಿಂದ ಮೊಳಕೈಯವರೆಗೆ ಜಾರಿ ಹೋದದ್ದನ್ನು ಕಂಡಳು. ಕಂಡೂ, ತಪಸ್ಸಿನ ಮೈ ಎಂದುಕೊಂಡಳು.

ಹೋಗುವಾಗ ಮನೀಷಾ ಅತ್ತೆಯನ್ನು ಮುಂದೆ ಬಿಟ್ಟು ಬಾಗಿಲಲ್ಲಿ ಹಿಂದೆ ಉಳಿದಳು.

"ಅಕ್ಕಾರ, ನಾ ಕದ್ದ ಗಂಜ್ಯಾಗ ಒಂದ ಚಮಚ ತುಪ್ಪಾ ಹಾಕ್ತೀನ್ರಿ. ಒಮ್ಮೊಮ್ಮೆ ಉಣ್ಣೂತನಾ ಜಗಳಾ ತಗೀತೀನಿ. ಬೈಸ್ಕೊಂತೀನಿ, ಆದ್ರೂ ಬಿಡಂಗಿಲ್ಲ. ತಪ್ಪ ಏನ್ರಿ?"

"ವ್ರತಾ ಕೆಡಸಬ್ಯಾಡ್ರಿ ವೈನಿ" ಎಂದಳು ಬ್ರಾಹ್ಮಿ. "ಮಗಾ ಹೋದಮ್ಯಾಲ ಅವರನ್ನ ಹಿಡದ ನಿಲ್ಲಿಸಿದ್ದು ಅದೊಂದ. ನೀವ ಅಡ್ಡ ಬರಬ್ಯಾಡ್ರಿ."

ಮನೀಷಾಳ ಮುಖ ಸಣ್ಣದಾಯಿತು. "ಆತ್ರಿ. ಓದಿದವರು ನೀವು, ನೀವ ಹೇಳಿದ್ರ ಸರಿ" ಎಂದು ಕೊಡೆ ಬಿಡಿಸಿಕೊಂಡು ಹೋದಳು.

ಕಮಲಾಬಾಯಿ ಆಮೇಲೆ ಮತ್ತೆರಡು ಸಲ ಬಂದಳು. ಇಬ್ಬರೂ ಕೂತು ಧರ್ಮದ ಮಾತಾಡಿದರು. ಬ್ರಾಹ್ಮಿ ತನ್ನ ಅಜ್ಜಿಯ ವಿಷಯ ಹೇಳಿದಳು. ಹೇಳುತ್ತ ಕಣ್ಣು ತುಂಬಿಕೊಂಡಳು. ಕಮಲಾಬಾಯಿಯೇ ಅವಳ ತಲೆ ನೇವರಿಸಿದಳು. ಆ ದಿನಗಳಲ್ಲಿ ಬ್ರಾಹ್ಮಿ ಮನೆಗೆ ಹಗುರಾಗಿ ಹೋಗುತ್ತಿದ್ದಳು. ಬಂದವಳು ಯಾರು, ಸಮಾಧಾನ ಪಡೆದವಳು ಯಾರು ಎಂದು ಆಗ ಅವಳಿಗೆ ಹೊಳೆಯಲಿಲ್ಲ. ವಾರಕ್ಕೊಮ್ಮೆ ಬೆಳಗಾವಿಯಿಂದ ಬರುವ ಮನೋವೈದ್ಯ ಅಮಿತ ಕೇಳಿದಾಗ, "ಸದಲಗಾದ ಮಾವಶಿ ಗಟ್ಟಿ ಅದಾರ ಸರ್" ಎಂದು ಹೇಳಿಬಿಟ್ಟಳು.

ಭಾದ್ರಪದದಲ್ಲಿ ಜೈನರ ಹತ್ತು ದಿನದ ದಶಲಕ್ಷಣ ಪರ್ವ ಬಂತು. ಪರ್ವ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಬಸದಿಯಲ್ಲಿ ಅಭಿಷೇಕ ನಡೆದಾಗ, ಕಮಲಾಬಾಯಿ ನಿಂತಲ್ಲೇ ಕುಸಿದಳು. ಮಂದಿ ಮೊದಲು ಧ್ಯಾನಕ್ಕೆ ಕೂತಳೆಂದುಕೊಂಡರಂತೆ. ಕೈಕಾಲು ಸೆಳೆಯತೊಡಗಿದಾಗ ಎತ್ತಿಕೊಂಡು ಚಿಕ್ಕೋಡಿಗೆ ಓಡಿ ಬಂದರು. ರಕ್ತದಲ್ಲಿ ಉಪ್ಪಿನ ಅಂಶ ಜೀವಕ್ಕೆ ಕುತ್ತು ಬರುವಷ್ಟು ಇಳಿದಿತ್ತು. ಬಾಟಲಿ ಏರಿಸಿ ಬದುಕಿಸಿಕೊಂಡರು.

ಅಮಿತ ಬಂದು ಕಮಲಾಬಾಯಿಯ ಕಾಗದಗಳನ್ನೆಲ್ಲ ಓದಿ ಬ್ರಾಹ್ಮಿಯನ್ನು ಕರೆದ. ಬೈಯುತ್ತಾನೆಂದು ಅವಳು ಸಿದ್ಧಳಾಗಿ ಹೋಗಿದ್ದಳು. ಅವನು ಬೈಯಲಿಲ್ಲ.

"ಸಾಯೂ ವಿಚಾರ ಐತೇನಂತ ಕೇಳಿದ್ದಿ?"

"ಇಲ್ಲ ಸರ್."

"ಸೋಮವಾರ ಉಪವಾಸ ಅಂತ ಯಾರರೆ ಬಂದು, ಮೈ ಇಷ್ಟ ಇಳದಿದ್ರ ಕೇಳ್ತಿದ್ದೋ ಇಲ್ಲೋ?"

"ಕೇಳ್ತಿದ್ದೆ ಸರ್."

"ಮತ್ತ ಇವರನ್ನ ಯಾಕ ಕೇಳಲಿಲ್ಲ?"

ಬ್ರಾಹ್ಮಿ ನೆಲ ನೋಡಿದಳು. "ಇವರ ನಮ್ಮವರು ಸರ್."

ಅಮಿತ ಕಾಗದಗಳನ್ನು ಮುಚ್ಚಿಟ್ಟು ಹೇಳಿದ. "ನಾ ಕೇಳಿದ್ರ, ನಿಮಗ ನಮ್ಮ ವ್ರತಾ ತಿಳಿಯಂಗಿಲ್ಲ ಡಾಕ್ಟರ ಅಂತಿದ್ರು. ನಿನಗ ಹಂಗ ಅನ್ನಾಕ ಬರತಿದ್ದಿಲ್ಲ. ಕೇಳೂದಿದ್ರ ನೀನ ಕೇಳಬೇಕಾಗಿತ್ತು."

ಆ ರಾತ್ರಿಯಿಂದ ಬ್ರಾಹ್ಮಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು. ನಾನೂ ಉಪವಾಸ ಮಾಡಿಬಿಡಲೇ ಎಂಬ ಯೋಚನೆ ಬಂತು. ಬಂದ ಮರುಗಳಿಗೆಯೇ ಆ ಯೋಚನೆಗೆ ಅವಳು ಹೆದರಿದಳು. ತಪ್ಪು ಮಾಡಿದ ಮನಸ್ಸು ತಟ್ಟೆಯನ್ನು ದೂಡುವುದು ಎಷ್ಟು ಸುಲಭ. ಹೊರಗಿನವರ ಕಣ್ಣಿಗೆ ಅದು ಎಷ್ಟು ಚೆಂದ ಕಾಣುತ್ತದೆ. ಇದು ಅವಳಿಗೆ ತಿಳಿದದ್ದು ಪುಸ್ತಕದಿಂದ ಅಲ್ಲ, ತನ್ನ ಮುಂದಿನ ತಟ್ಟೆಯಿಂದ. ಒಂದು ನಿಯಮಕ್ಕೆ, ಅಂದರೆ ವ್ರತಕ್ಕೆ, ಏನೇನು ಬೇಕೆಂದು ಅವಳು ಹುಟ್ಟಿದಾಗಿನಿಂದ ಬಲ್ಲಳು. ಮುನಿ ಮಹಾರಾಜರ ಮುಂದೆಯೋ ಬಸದಿಯಲ್ಲಿ ಹಿರಿಯರ ಮುಂದೆಯೋ ಕೈ ಮುಗಿದು ತೆಗೆದುಕೊಳ್ಳಬೇಕು. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದಕ್ಕೆ ಮಿತಿ ಇರಬೇಕು. ಮೈಗೆ ಆಗದಿದ್ದರೆ ಮಹಾರಾಜರೇ ಬೇಡವೆನ್ನುತ್ತಾರೆ. ಕಮಲಾಬಾಯಿಯನ್ನು ಇದರಲ್ಲಿ ಒಂದನ್ನೂ ಅವಳು ಕೇಳಿರಲಿಲ್ಲ.

ಕಮಲಾಬಾಯಿ ಹಟ ಹಿಡಿದು ಆಸ್ಪತ್ರೆಯಿಂದ ಮನೆಗೆ ಹೋದಳು. ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಆ ದಿನ ಜೈನರು ಒಬ್ಬರಿಗೊಬ್ಬರು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಮಧ್ಯಾಹ್ನ ಮನೀಷಾಳ ಫೋನು ಬಂತು.

"ಅಕ್ಕಾರ, ಮುಂಜಾನಿಂದ ಹನಿ ನೀರೂ ಇಳಿಸಿಲ್ರಿ. ಹೊತ್ತ ಮುಳಗಿತಂದ್ರ ಆಮ್ಯಾಲ ದೇವರ ಬಂದ ಹೇಳಿದ್ರೂ ಬಾಯಿ ತಗಿಯಂಗಿಲ್ಲ."

ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬುದು ಜೈನರ ನಿಯಮ. ಬ್ರಾಹ್ಮಿ ಅಮಿತನಿಗೆ ತಿಳಿಸಿದಳು. "ಹೋಗು" ಎಂದ ಅವನು. "ಗಂಜಿ ಸಣ್ಣ ಚಮಚದಾಗ, ಸಾವಕಾಶ ಕೊಡಸು. ತಗೊಳ್ಳಲಿ ಬಿಡಲಿ, ಇವತ್ತ ಇಲ್ಲಿಗೆ ಕರ್ಕೊಂಡ ಬರಬೇಕು. ಮತ್ತ, ಕೇಳು."

ಬಸ್ಸಿನಲ್ಲಿ ಕೂತಾಗ ಅವಳ ಮೊಬೈಲಿಗೆ ಒಂದರ ಮೇಲೊಂದು ಸಂದೇಶಗಳು ಬರುತ್ತಲೇ ಇದ್ದವು. ಅದೇ ಕಮಲದ ಚಿತ್ರ, ಅದೇ ವಾಕ್ಯ: ತಿಳಿದೋ ತಿಳಿಯದೆಯೋ ನಮ್ಮಿಂದ ತಪ್ಪಾಗಿದ್ದರೆ ಉತ್ತಮ ಕ್ಷಮೆ. ಹೋದ ವರ್ಷ ಅವಳೂ ಅದನ್ನು ತನ್ನಲ್ಲಿದ್ದ ಎಲ್ಲ ನಂಬರಿಗೂ ಕಳಿಸಿದ್ದಳು, ಎಂದೂ ತನ್ನಿಂದ ತಪ್ಪಾಗದವರಿಗೂ. ಈ ದಿನ ತಪ್ಪು ಮಾಡಿದ್ದಾಳೆ, ಯಾರಿಗೆ ಎಂಬುದೂ ಗೊತ್ತು. ಕಳಿಸಲು ಬೆರಳೇ ಏಳಲಿಲ್ಲ. ಮೊಬೈಲನ್ನು ಚೀಲಕ್ಕೆ ಹಾಕಿದಳು. ಕಿಟಕಿಯ ಹೊರಗೆ ಎದೆಮಟ್ಟದ ಕಬ್ಬು, ಅದರ ಮೇಲೆ ಆಗಲೇ ಪಡುವಣಕ್ಕೆ ವಾಲಿದ ಬಿಸಿಲು.

ಸದಲಗಾದ ಮನೆಯ ಪಡಸಾಲೆಯಲ್ಲಿ ಓಣಿಯ ಮಂದಿ ಬಂದು ಹೋಗುತ್ತಿದ್ದರು. ಕಮಲಾಬಾಯಿಯ ಗಂಡ ಬಾಹುಬಲಿ ಬಾಗಿಲ ಬಳಿ ಕೂತು ಎಲ್ಲರಿಗೂ ಕೈ ಮುಗಿಯುತ್ತಿದ್ದ. ಬ್ರಾಹ್ಮಿಯನ್ನು ಕಂಡು ಎದ್ದು ನಿಂತ.

"ಬಾ ತಂಗಿ. ಏನಾರ ತಪ್ಪಾಗಿದ್ರ ಕ್ಷಮಾ ಮಾಡವ್ವಾ."

ವಾಡಿಕೆಯ ಮಾತು. ಆದರೆ ಬಿಳಿ ಮೀಸೆಯ ಆ ಹಿರಿಯ ತನಗೆ ಕೈ ಮುಗಿದದ್ದು ನೋಡಿ ಬ್ರಾಹ್ಮಿಗೆ ನಿಂತ ನೆಲ ಬಿರಿಯಬಾರದೇ ಎನಿಸಿತು. "ಹಂಗ ಅನಬ್ಯಾಡ್ರಿ ಕಾಕಾ" ಎಂದು ಒಳಗೆ ಸರಿದಳು. ಅಡುಗೆಮನೆಯಲ್ಲಿ ಮನೀಷಾ ಗಂಜಿ ಕಾಯಿಸಿ ಮುಚ್ಚಿ ಇಟ್ಟು ಕೂತಿದ್ದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ.

"ನೀವ ಹೇಳಿದ ದಿವಸನ ತುಪ್ಪಾ ಹಾಕೂದ ಬಿಟ್ಟೆ ಅಕ್ಕಾರ. ಜಗಳಾ ಮಾಡೂದೂ ಬಿಟ್ಟೆ. ವ್ರತಾ ಕೆಡಸಿದ ಪಾಪಾ ನನ್ನ ಮಕ್ಕಳಿಗೆ ತಟ್ಟೀತಂತ ಅಂಜಿಕಿ ಆತು."

ಆ ಮನೆಯಲ್ಲಿ ಅಪಾಯ ಕಂಡಿದ್ದ ಜೀವ ಅದೊಂದೇ. ಅದರ ಬಾಯಿಯನ್ನು ಬ್ರಾಹ್ಮಿ ತಾನೇ ಮುಚ್ಚಿಸಿದ್ದಳು.

ಒಳಕೋಣೆಯಲ್ಲಿ ಕಮಲಾಬಾಯಿ ಚಾಪೆಯ ಮೇಲೆ ಗೋಡೆಗೆ ಒರಗಿದ್ದಳು. ಪಡುವಣ ಕಿಟಕಿಯಿಂದ ಬಿಸಿಲು ಎದುರು ಗೋಡೆಗೆ ಬಿದ್ದಿತ್ತು.

"ನೀನೂ ಬಂದ್ಯಾ?" ಎಂದಳು. "ಮಾಡೀನಿ, ಹೋಗು. ಮುಂಜಾನಿಂದ ಓಣಿಗೆಲ್ಲಾ ಕ್ಷಮಾ ಮಾಡಿ ಮಾಡಿ ಸಾಕಾಗೇತಿ."

ಬ್ರಾಹ್ಮಿ ಈ ಸಲ ಕಾಲು ಮುಟ್ಟಲಿಲ್ಲ. ಎದುರಿಗೆ, ಮುಖಕ್ಕೆ ಮುಖ ಕೊಟ್ಟು ನೆಲದ ಮೇಲೆ ಕೂತಳು.

"ಇನ್ನೂ ಮಾಡಬ್ಯಾಡ್ರಿ ಮಾವಶಿ. ಏನ ತಪ್ಪ ಮಾಡೀನಂತ ಮೊದಲ ಕೇಳ್ರಿ. ನಂದು ತಿಳಿಯದ ಆದ ತಪ್ಪಲ್ಲ. ನಿಮ್ಮ ಮೈ ಇಳದದ್ದು ನೋಡಿದ್ದೆ. ಕೇಳಬೇಕನ್ನೂದ ಗೊತ್ತಿತ್ತು. ಕೇಳಿದ್ರ ನಿಮ್ಮ ಕಣ್ಣಾಗ ನಾ ಸಣ್ಣಾಕಿ ಆಗ್ತೀನಂತ ಕೇಳಲಿಲ್ಲ. ನಿಮ್ಮ ಕಡೆ ನಮ್ಮ ಅಜ್ಜೀನ ಹುಡಕಾಕತ್ತಿದ್ದೆ. ನಿಮ್ಮನ್ನ ನೋಡಲೇ ಇಲ್ಲ. ನಿಮ್ಮ ಸೊಸಿಗೂ ಸುಮ್ನಿರು ಅಂದೆ."

ಕಮಲಾಬಾಯಿ ಅವಳನ್ನು ನಿಟ್ಟಿಸಿದಳು. "ಏನ ಕೇಳಬೇಕಾಗಿತ್ತು?"

"ಈ ನಿಯಮ ಯಾರ ಮುಂದ ತಗೊಂಡ್ರಿ?"

ಹೊರಗೆ ಪಡಸಾಲೆಯಲ್ಲಿ ಯಾರೋ ಬಂದು ಕ್ಷಮೆ ಕೇಳಿದರು, ಬಾಹುಬಲಿ ತಿರುಗಿ ಕೇಳಿದ, ಅವರು ಹೋದರು. ಕಮಲಾಬಾಯಿಯ ತುಟಿ ಆಗ ಅಲುಗಿತು.

"ಯಾರ ಮುಂದನೂ ಇಲ್ಲ."

"ಮಿತಿ?"

"ಮಿತಿ ಇಲ್ಲ. ಅವಾ ಹೋದಲ್ಲಿಗೆ ನಾನೂ ಹೋಗೂತನಾ."

"ಸಾಯಬೇಕಂತ ಮಾಡೀರಿ ಮಾವಶಿ?"

"ಹೌದು" ಎಂದಳು ಕಮಲಾಬಾಯಿ. ಬಹಳ ದಿನ ಹೊತ್ತ ಹೊರೆಯನ್ನು ಕಟ್ಟೆಯ ಮೇಲೆ ಇಳಿಸಿದಂತೆ ಇತ್ತು ಆ ಧ್ವನಿ. "ಹಗ್ಗಾ ಹಾಕ್ಕೊಂಡ್ರ ಮನಿತನಕ್ಕ ಕೆಟ್ಟ ಹೆಸರು. ಹಿಂಗಾದ್ರ ಎಲ್ಲಾರೂ ಕೈ ಮುಗೀತಾರ, ಯಾರೂ ಏನೂ ಕೇಳಂಗಿಲ್ಲ. ನಿನ್ನ ಕಡೆ ಬರೂವಾಗ ಅಂಜಿಕಿ ಇತ್ತ ನನಗ. ಓದಿದ ಹುಡಗಿ, ಹಿಡೀತಾಳಂತ. ನೀನೂ ಕಾಲಿಗೆ ಬಿದ್ದಿ. ಇನ್ನ ತಡಿಯಾವರ ಯಾರೂ ಉಳೀಲಿಲ್ಲಂತ ಆವತ್ತ ಸಮಾಧಾನ ಆತು."

ಬ್ರಾಹ್ಮಿ ಇಷ್ಟು ದಿನ ತಾನು ಒಂದು ಕೆಲಸ ಮಾಡದೆ ಬಿಟ್ಟೆ ಎಂದುಕೊಂಡಿದ್ದಳು. ಬಿಟ್ಟದ್ದಲ್ಲ, ಆ ಹೆಂಗಸು ಹೊರಟಿದ್ದ ದಾರಿಗೆ ತಾನೇ ಅನುಮತಿ ಕೊಟ್ಟಿದ್ದಳು. ಅಳು ಉಕ್ಕಿ ಬಂತು. ಇಲ್ಲಿ ಅತ್ತರೆ ಮತ್ತೆ ಈಕೆಯೇ ತನ್ನ ತಲೆ ನೇವರಿಸಬೇಕಾಗುತ್ತದೆ ಎಂದು ಹಲ್ಲು ಕಚ್ಚಿ ತಡೆದಳು.

"ಊಟಾನ ಯಾಕ ಬಿಟ್ರಿ?" ಎಂದು ಕೇಳಿದಳು.

ಕಮಲಾಬಾಯಿ ಕಿಟಕಿಯ ಕಡೆ ನೋಡುತ್ತ ಹೇಳಿದಳು. "ನಾನ ಕರದಿದ್ದೆ ಅವನ್ನ. ಹೊತ್ತ ಮುಳಗಾಕತ್ತೇತಿ, ಲಗೂ ಬಾ, ಉಣ್ಣೂದ ತಪ್ಪತೈತಿ ಅಂತ ಫೋನ ಮಾಡಿದೆ. ಅವಾ ಹೊರಗ ಹೊತ್ತ ಮುಳಗಿದ ಮ್ಯಾಲೂ ತಿಂತಿದ್ದಾ, ನನಗ ಗೊತ್ತಿತ್ತು. ನನ್ನ ಸಲವಾಗಿ ಓಡಿ ಬರತಿದ್ದಾ. ಬಂದೆ ಆಯಿ, ಬಂದೆ, ಅಂದಾ. ಅಷ್ಟ. ಎರಡ ರೊಟ್ಟಿ ಸಲವಾಗಿ ಓಡಿಸಿದೆ ನನ್ನ ಮಗನ್ನ. ಆ ರೊಟ್ಟಿ ಹೆಂಗ ಉಣ್ಣಲಿ ಹೇಳ ನನಗ?"

ಬ್ರಾಹ್ಮಿ ಕಮಲಾಬಾಯಿಯ ಕೈ ಹಿಡಿದು ಕೂತಳು. ಗೋಡೆಯ ಮೇಲಿನ ಬಿಸಿಲು ಕೆಂಪಾಗುತ್ತ ಮೇಲೆ ಸರಿಯುತ್ತಿತ್ತು.

"ಇದನ್ನ ನಮ್ಮ ಮನಿಯವರಿಗೆ ಹೇಳಬ್ಯಾಡ" ಎಂದಳು ಕಮಲಾಬಾಯಿ.

"ಫೋನಿನ ಮಾತ ನಿಮ್ದು ಮಾವಶಿ. ಅದನ್ನ ನಾ ಹೇಳಂಗಿಲ್ಲ. ಆದ್ರ ಸಾಯೂ ಮಾತ ನನ್ನ ಹಂತ್ಯಾಕ ಇಟ್ಕೊಳ್ಳಾಕ ಬರಂಗಿಲ್ಲ. ಕಾಕಾಗೂ ವೈನಿಗೂ ಈಗನ ಹೇಳ್ತೀನಿ."

ಕಮಲಾಬಾಯಿ ಕೈ ಕಿತ್ತುಕೊಂಡಳು. "ನಿನ್ನ ನಂಬಿ ಬಾಯಿ ಬಿಟ್ಟೆ ನೋಡು, ನಂದ ತಪ್ಪ. ಏಳ, ಹೋಗ ಇಲ್ಲಿಂದ."

ಈಕೆ ಇನ್ನು ನನ್ನೊಡನೆ ಎಂದೂ ಮಾತಾಡದೆ ಹೋಗಬಹುದು ಎಂದುಕೊಂಡಳು ಬ್ರಾಹ್ಮಿ. ಇರಲಿ. ಒಳ್ಳೆಯವಳೆನಿಸಿಕೊಳ್ಳುವ ಆಸೆಗೆ ಒಮ್ಮೆ ಬಿದ್ದು ಏನಾಯಿತೆಂದು ನೋಡಿಯಾಗಿತ್ತು. ಎದ್ದು ಬಾಗಿಲಿಗೆ ಹೋಗಿ ಇಬ್ಬರನ್ನೂ ಕರೆದಳು. ಬಂದ ಮೇಲೆ ನೇರವಾಗಿ ಹೇಳಿದಳು: ಇದು ವ್ರತವಲ್ಲ, ಮಾವಶಿ ಸಾಯಬೇಕೆಂದು ಬಿಟ್ಟ ಊಟ, ವ್ರತವೆಂದು ನಾನು ಹೇಳಿದ್ದು ನನ್ನ ತಪ್ಪು.

ಬಾಹುಬಲಿ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೆಳಗೆ ಕೂತ. "ನಮ್ಮಾಕಿ ತಪಾ ಮಾಡಾಕತ್ತಾಳಂತ ಊರೆಲ್ಲಾ ಹೇಳಿ ಬಂದ್ನೆಲ್ಲ ನಾ" ಎಂದ. ಆಮೇಲೆ ಹೆಂಡತಿಯ ಕಡೆ ನೋಡಿ, "ನನ್ನೊಬ್ಬನ್ನ ಬಿಟ್ಟ ಹೋಗಾಕ ಹೊಂಟಿದ್ದಿ?" ಎಂದು ಕೇಳಿದ. ಅಷ್ಟಕ್ಕೆ ಕಮಲಾಬಾಯಿಯ ಹಟ ಸಡಿಲಿತು. ಮಗ ಸತ್ತಾಗಿನಿಂದ ನುಂಗಿಕೊಂಡಿದ್ದ ಆ ಫೋನಿನ ಮಾತನ್ನು ತಾನೇ ಹೇಳಿದಳು.

ಮುದುಕ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. "ನೀ ಕರೀದಿದ್ರ ನಾ ಕರೀತಿದ್ದೆ. ದಿನಾ ಕರಿಯೂದ ಅಲ್ಲೇನ, ಉಣ್ಣ ಬಾ ಅಂತ? ಮಕ್ಕಳನ್ನ ಮತ್ತ್ಯಾತಕ್ಕ ಕರೀತಾರ?"

ಮನೀಷಾ ಗಂಜಿಯ ಬಟ್ಟಲು ತಂದು ಅತ್ತೆಯ ಮುಂದೆ ಕೂತಳು. "ಉಪ್ಪ ಹಾಕೀನಿ, ತುಪ್ಪಾ ಹಾಕೀನಿ. ಕದ್ದ ಹಾಕಿಲ್ಲ, ಹೇಳೇ ಕೊಡಾಕತ್ತೀನಿ. ಬೈಯೂದಿದ್ರ ಉಂಡ ಬೈರಿ. ಖಾಲಿ ಹೊಟ್ಟಿಲೆ ನಿಮ್ಮ ಬೈಗಳ ಕೇಳಸಂಗಿಲ್ಲ ನನಗ."

ಗೋಡೆಯ ಮೇಲೆ ಬಿಸಿಲು ಒಂದು ಗೇಣಿನಷ್ಟು ಉಳಿದಿತ್ತು. ಬ್ರಾಹ್ಮಿ ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡಳು. ತನಗೆ ಕ್ಷಮೆ ಸಿಗಲೆಂದು ಅಲ್ಲ, ಒಂದು ಚಮಚ ಒಳಗೆ ಇಳಿಯಲೆಂದು. ಕಮಲಾಬಾಯಿ ಗಂಡನ ಮುಖ ನೋಡಿದಳು, ಸೊಸೆಯ ಕೈ ನೋಡಿದಳು. ಬಾಯಿ ತೆರೆದಳು. ಮೊದಲನೆಯದು ಗಂಟಲಲ್ಲಿ ಸಿಕ್ಕು ಕೆಮ್ಮಿದಳು. ಎರಡನೆಯದು ಇಳಿಯಿತು. ಬಿಸಿಲು ಗೋಡೆ ಬಿಟ್ಟು ಹೋಗುವ ಹೊತ್ತಿಗೆ ಅರ್ಧ ಬಟ್ಟಲು ಮುಗಿದಿತ್ತು. ಆಮೇಲೆ ಅವಳು ಕೈ ಅಡ್ಡ ಹಿಡಿದಳು, ಯಾರೂ ಒತ್ತಾಯ ಮಾಡಲಿಲ್ಲ.

ಪಕ್ಕದ ಮನೆಯವರ ಜೀಪು ಬಂತು. ಹಿಂದಿನ ಸೀಟಿನಲ್ಲಿ ಗಂಡ ಮತ್ತು ಸೊಸೆಯ ನಡುವೆ ಕಮಲಾಬಾಯಿಯನ್ನು ಕೂರಿಸಿದರು. ಬ್ರಾಹ್ಮಿ ಬಾಗಿಲು ಹಾಕುವ ಮುಂಚೆ ಬಗ್ಗಿ, ತಡೆಯಲಾರದೆ ಕೇಳಿಯೇಬಿಟ್ಟಳು.

"ಮಾವಶಿ, ನನ್ನ ತಪ್ಪಿಗೆ..."

"ನಿನಗ ಇವತ್ತ ಮಾಡಂಗಿಲ್ಲ" ಎಂದಳು ಕಮಲಾಬಾಯಿ. "ಸಿಟ್ಟ ಐತಿ ನನಗ. ನಾಳೆ ಬಾ, ನೋಡೂಣು."

ಊರಿಗೆಲ್ಲ ಕೇಳಿದ ಕೂಡಲೆ ಕ್ಷಮೆ ಸಿಕ್ಕ ದಿನ ಅವಳೊಬ್ಬಳಿಗೆ ಸಿಗಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಚಿಕ್ಕೋಡಿಯ ದಾರಿಯುದ್ದಕ್ಕೂ ಬ್ರಾಹ್ಮಿ ಆ ಮಾತನ್ನು ತಿರುತಿರುಗಿ ನೆನೆದಳು. ಎದೆಯ ಭಾರ ಇಳಿದಿರಲಿಲ್ಲ. ಇಳಿಯಬೇಕೆಂದೂ ಅವಳು ಕೇಳಿಕೊಳ್ಳಲಿಲ್ಲ. ಸಾಯಲು ಹೊರಟಿದ್ದ ಹೆಂಗಸು ತನ್ನನ್ನು ನಾಳೆ ಬಾ ಎಂದಿದ್ದಾಳೆ. ಅಮಿತ ಏನು ಕೇಳಿದರೂ ಮೊದಲು ಅದನ್ನೇ ಹೇಳಬೇಕೆಂದುಕೊಂಡು, ಹಿಂದೆ ಕಮಲಾಬಾಯಿ ಉಸಿರಾಡುವ ಸದ್ದಿಗೆ ಕಿವಿಗೊಟ್ಟು ಕೂತಳು.